ಇಪ್ಪತ್ತನಾಲ್ಕು ಹೆಜ್ಜೆ, ಇಪ್ಪತ್ತೊಂದು ಗಜ

ಸೂರ್ಯನಿಂದ ಎಬ್ಬಿಸಿಕೊಳ್ಳದವನು, ಇಂದಿನ ಕೆಲಸವನ್ನು ನಾಳೆಯ ತಲೆಗೆ ಕಟ್ಟದವನು, ಉಪಕರಣವನ್ನು ತೊಳೆದೊರಸದೆ ಗೋಡೆಗೆ ಒರಗಿಸದವನು, ಮೇಲಿನವರೆದುರು ಇಳಿಯದ, ಕೆಳಗಿನವರೆದುರು ಏರದ ಒಂದೇ ದನಿಯವನು, ಪರರ ತಪ್ಪನ್ನು ಕಂಡೂ ಕಾಣದವನಂತೆ ಸರಿದುಹೋಗುವವನು, ತನ್ನ ತಪ್ಪನ್ನು ಕಂಡರೆ ಮಾತ್ರ ಅನ್ನ ಸೇರದವನು, ಹೆಂಡತಿಯ ಮಾತಿಗೆ ಎಂದೂ ಎದುರಾಡದೆ, ಹಾಗೆಂದು ಆ ಮಾತಿನಂತೆ ಒಂದು ದಿನವೂ ನಡೆಯದೆ, ಮೂರು ದಶಕ ಸಂಸಾರವನ್ನು ತೂಗಿಸಿಕೊಂಡು ಬಂದವನು, ದಿನವಿಡೀ ಹುಲ್ಲಿನ ಮೇಲೆ ನಡೆದೂ ಹುಲ್ಲಿಗೆ ನೋವಾಗದಂತೆ ಕಾಲಿಡುವವನು, ಇವೆಲ್ಲಕ್ಕೂ ಮಿಗಿಲಾಗಿ, ಕೈಯಲ್ಲಿ ಅಳತೆಪಟ್ಟಿಯಿಲ್ಲದೆಯೇ ನೆಲವನ್ನು ಅಳೆಯಬಲ್ಲವನು. ಇಷ್ಟು ಗುಣಗಳನ್ನು ಒಂದೇ ಬಡಕಲು ದೇಹದಲ್ಲಿ ತುಂಬಿಸುವ ಹೊತ್ತಿಗೆ ಭಗವಂತನಿಗೂ ದಣಿವಾಗಿ, ಮೊಣಕಾಲುಗಳ ಕಡೆಗೆ ಬಂದಾಗ ಸ್ವಲ್ಪ ಅವಸರ ಮಾಡಿದನೆಂದು ತೋರುತ್ತದೆ.

ಅವನನ್ನು ಎಲ್ಲರೂ ಗಜಣ್ಣನೆಂದು ಕರೆಯುತ್ತಿದ್ದರು. ಹೆಸರನ್ನಷ್ಟೇ ಕೇಳಿ ಬಂದವರು ಆನೆಯಂಥ ಆಳನ್ನು ನಿರೀಕ್ಷಿಸಿ, ಒಣಗಲು ಹಾಕಿದ ಅಂಗಿಯಂತೆ ತೂಗಾಡಿಕೊಂಡು ಬರುವ ಐವತ್ತೆಂಟರ ಮನುಷ್ಯನನ್ನು ಕಂಡು ಪೆಚ್ಚಾಗುತ್ತಿದ್ದರು. ಆ ಹೆಸರು ಅವನ ಮೈಗೆ ಬಂದದ್ದಲ್ಲ, ಹೆಜ್ಜೆಗೆ ಬಂದದ್ದು. ಅವನು ಕಾಲೆತ್ತಿ ಇಟ್ಟರೆ ಸರಿಯಾಗಿ ಮೂರು ಅಡಿ, ಒಂದು ಗಜ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂವತ್ತೊಂದು ವರ್ಷಗಳಿಂದ ಗಾಲ್ಫ್ ಮೈದಾನವೊಂದರಲ್ಲಿ ಕುಳಿ ಕೊರೆಯುವುದು ಅವನ ಕೆಲಸವಾಗಿತ್ತು.

ಆ ಆಟದ ಪರಿಚಯವಿಲ್ಲದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ವಿಶಾಲವಾದ ಮೈದಾನದಲ್ಲಿ ಹದಿನೆಂಟು ಕಡೆ ಹುಲ್ಲನ್ನು ನುಣುಪಾಗಿ, ಹಾಸಿದ ಬಟ್ಟೆಯಂತೆ ಕತ್ತರಿಸಿರುತ್ತಾರೆ. ಅಂಥ ಒಂದೊಂದು ಹಾಸಿಗೂ ಗ್ರೀನ್ ಎಂದು ಹೆಸರು. ಪ್ರತಿ ಗ್ರೀನಿನಲ್ಲಿ ಅಂಗೈಯಗಲದ ಒಂದು ಕುಳಿ, ಅದರಲ್ಲಿ ನೆಟ್ಟ ಒಂದು ಬಾವುಟದ ಕೋಲು. ದೂರದಿಂದ ಚೆಂಡನ್ನು ಹೊಡೆದು, ಆದಷ್ಟು ಕಡಿಮೆ ಹೊಡೆತಗಳಲ್ಲಿ ಅದನ್ನು ಆ ಕುಳಿಗೆ ಬೀಳಿಸಿದವನು ಗೆದ್ದವನು. ದೊಡ್ಡ ಪಂದ್ಯಾವಳಿಗಳಲ್ಲಿ ಕುಳಿಯು ದಿನದಿನವೂ ಜಾಗ ಬದಲಿಸಬೇಕು. ಮುಖ್ಯ ತೀರ್ಪುಗಾರರು ಹಿಂದಿನ ಸಂಜೆಯೇ ಪಟ್ಟಿ ಬರೆಯುತ್ತಾರೆ: ಇಂಥ ಗ್ರೀನಿನಲ್ಲಿ ಮುಂದಿನ ಅಂಚಿನಿಂದ ಇಷ್ಟು ಹೆಜ್ಜೆ ಒಳಕ್ಕೆ, ಎಡದಿಂದ ಇಷ್ಟು ಹೆಜ್ಜೆ. ಹೆಜ್ಜೆಯೆಂದರೆ ಗಜವೆಂದೇ ಲೆಕ್ಕ. ಬೆಳಗಾಗುತ್ತಲೇ ಕುಳಿ ಕೊರೆಯುವವನು ಆ ಪಟ್ಟಿಯಂತೆ ನಡೆದು, ನಿಂತಲ್ಲಿ ಕೊರೆದು, ಅಲ್ಲಿಂದ ಕಿತ್ತ ಮಣ್ಣುಹುಲ್ಲಿನ ಮುದ್ದೆಯಿಂದ ನಿನ್ನೆಯ ಕುಳಿಯನ್ನು ಮುಚ್ಚುತ್ತಾನೆ. ಅದೇ ಪಟ್ಟಿಯ ಒಂದು ನಕಲು ಪ್ರತಿಯೊಬ್ಬ ಆಟಗಾರನ ಕಿಸೆಯಲ್ಲೂ ಇರುತ್ತದೆ. ಅವನು ನೂರೈವತ್ತು ಗಜ ಆಚೆ ನಿಂತು, ಆ ಅಂಕಿಯನ್ನು ನಂಬಿ ಕೈಬೀಸುತ್ತಾನೆ. ಎರಡು ಗಜ ಆಚೀಚೆಯಾದರೆ ಒಂದು ಹೊಡೆತ ಹೋಯಿತು. ಒಂದು ಹೊಡೆತ ಹೋದರೆ ಕೆಲವೊಮ್ಮೆ ವರ್ಷದ ಶ್ರಮವೇ ಹೋಯಿತು.

ಬೇರೆ ಮೈದಾನಗಳಲ್ಲಿ ಇದಕ್ಕೆ ಅಳತೆಯ ಚಕ್ರವೋ ಟೇಪೋ ಇರುತ್ತಿತ್ತು. ಇಲ್ಲಿ ಗಜಣ್ಣನಿದ್ದನು. ಬಹಳ ವರ್ಷಗಳ ಹಿಂದೆ ಅನುಮಾನದ ಸ್ವಭಾವದ ತೀರ್ಪುಗಾರನೊಬ್ಬನು ಅವನನ್ನು ಇಪ್ಪತ್ತು ಸಲ ನಡೆಸಿ, ಇಪ್ಪತ್ತು ಸಲವೂ ಸರಪಳಿ ಹಿಡಿದು ಅಳೆದು, ಕೊನೆಗೆ "ಸರಪಳಿನೇ ಒಂದು ಬೆರಳು ಹೆಚ್ಚಿದೆ" ಎಂದು ಒಪ್ಪಿಕೊಂಡು ಹೋಗಿದ್ದನು. ಅಂದಿನಿಂದ ಅಲ್ಲಿ ಯಾರೂ ಗಜಣ್ಣನ ಹಿಂದೆ ಟೇಪು ಹಿಡಿದು ಹೋಗಲಿಲ್ಲ. ಹೊಸದಾಗಿ ಬಂದ ಮೇಲ್ವಿಚಾರಕನು ಹುಲ್ಲಿನ ಶಾಸ್ತ್ರವನ್ನೇ ಕಲಿತು ಪದವಿ ಪಡೆದವನು. ಅವನು ತರಿಸಿದ ಅಳತೆಯ ಚಕ್ರವೊಂದು ಸ್ಟೋರಿನ ಕಪಾಟಿನ ಮೇಲೆ, ಬಂದ ಡಬ್ಬದಲ್ಲಿಯೇ ಕುಳಿತಿತ್ತು. ಹೊರಗೆ ತೆಗೆದರೆ ಹಿರಿಯನಿಗೆ ಅವಮಾನವಾದೀತೆಂದು ಅವನು ತೆಗೆದಿರಲಿಲ್ಲ. ಗಜಣ್ಣನು ಅದನ್ನು ದಿನವೂ ನೋಡುತ್ತಿದ್ದನು, ಮಾತೆತ್ತುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷ. ಅಲ್ಲಿಯವರೆಗೆ ಆ ಡಬ್ಬ ತೆರೆಯದಿದ್ದರೆ ಸಾಕು, ಬದುಕಿನಿಂದ ಅವನಿಗೆ ಇನ್ನೇನೂ ಬೇಕಾಗಿರಲಿಲ್ಲ.

ಆ ವರ್ಷ ದೇಶದ ಕಾಲೇಜುಗಳ ಪುರುಷರ ಗಾಲ್ಫ್ ಚಾಂಪಿಯನ್‌ಷಿಪ್ ಅವರ ಮೈದಾನಕ್ಕೆ ಬಂದಿತು. ನಾಲ್ಕು ದಿನಗಳ ಪಂದ್ಯ. ಮೂರನೆಯ ದಿನ ಮುಗಿಯುವಷ್ಟರಲ್ಲಿ ಎಲ್ಲರ ಮುಖವೂ ಒಗೆದು ಹಿಂಡಿದಂತಾಗಿತ್ತು. ಆಟದ ಹುಡುಗರು ಚೀಲಗಳನ್ನು ಎಳೆದುಕೊಂಡು ನಡೆಯುತ್ತಿದ್ದರು. ತರಬೇತುದಾರರು ಕಂಡಕಂಡ ಮರಕ್ಕೆ ಒರಗುತ್ತಿದ್ದರು. ಮೇಲ್ವಿಚಾರಕನು ನಿಂತಲ್ಲಿಯೇ ಆಕಳಿಸುತ್ತಿದ್ದನು. ಆ ಮಧ್ಯಾಹ್ನ ಗಜಣ್ಣನು ಕುಳಿ ಕೊರೆಯುವ ಕಬ್ಬಿಣದ ಕಟರನ್ನು ಹೆಗಲಿಗೇರಿಸಿ ಮರಳುಗುಂಡಿಯ ಏರಿಯನ್ನು ಇಳಿಯುವಾಗ ಕಾಲು ಜಾರಿತು. ಕಟರಿಗೆ ಏಟಾಗಬಾರದೆಂದು ಅದನ್ನು ಎದೆಗವಚಿಕೊಂಡು ಮೊಣಕಾಲಿನ ಮೇಲೆ ಬಿದ್ದನು. ಕಟರಿಗೆ ಏನೂ ಆಗಲಿಲ್ಲ.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಸಂಜೆ ಅವನು ಹೊಸ್ತಿಲು ದಾಟಿದ ರೀತಿಯಿಂದಲೇ ಆಕೆಗೆ ಎಲ್ಲವೂ ತಿಳಿಯಿತು. ಹರಿದ ಲಂಗದ ಅಂಚಿನಿಂದ ಅಗಲವಾದ ಪಟ್ಟಿಯೊಂದನ್ನು ಕತ್ತರಿಸಿ, ಊದಿಕೊಂಡ ಮೊಣಕಾಲಿಗೆ ಬಿಗಿಯಾಗಿ ಸುತ್ತತೊಡಗಿದಳು.

"ನಾಳೆ ರಜೆ ಹಾಕಿ" ಎಂದಳು.

"ನಾಳೆ ಕೊನೇ ದಿನ ಕಣೇ."

"ಯಾವುದಕ್ಕೆ ಕೊನೇ ದಿನ? ಆಟಕ್ಕೋ, ನಿಮ್ಮ ಕಾಲಿಗೋ?"

"ಹದಿನೆಂಟು ಕುಳಿ. ಅಷ್ಟು ಮುಗಿಸಿ ಬಂದು ಮಲಗ್ತೀನಿ, ನೀನೇ ಏಳು ಅಂದ್ರೂ ಏಳಲ್ಲ."

"ಮೂವತ್ತು ವರ್ಷದಿಂದ ಅದೇ ಮಾತು ಕೇಳಿಸ್ಕೊಂಡು ಬಂದಿದೀನಿ" ಎಂದು ಆಕೆ ಗಂಟನ್ನು ಬಲವಾಗಿ ಎಳೆದಳು. ಅವನು ಹಲ್ಲು ಕಚ್ಚಿದನು. "ನೋವಾಯ್ತಾ?" ಎಂದು ಕೇಳಿದಳು. "ಇಲ್ಲ" ಎಂದನು. "ಆಗ್ಲಿ ಅಂತಾನೇ ಎಳೆದೆ" ಎಂದು ಪಟ್ಟಿಯ ತುದಿಯನ್ನು ಒಳಸೇರಿಸಿದಳು.

ಮರುದಿನ ಬೆಳಕು ಹರಿಯುವಾಗ ಅವನು ಮೊದಲ ಗ್ರೀನಿನ ಅಂಚಿನಲ್ಲಿದ್ದನು. ಹುಲ್ಲಿನ ಮೇಲೆ ಇಬ್ಬನಿ ಬೂದುಬಣ್ಣದ ಹೊದಿಕೆಯಂತೆ ಬಿದ್ದಿತ್ತು. ಪಟ್ಟಿಯನ್ನು ಓದಿದನು, ನಡೆದನು, ನಿಂತನು. ಕಟರನ್ನು ನೆಟ್ಟಗೆ ಹಿಡಿದು, ಮೈಭಾರ ಹಾಕಿ, ತಿರುವಿ ತಿರುವಿ ಇಳಿಸಿದನು. ಮುದ್ದೆಯನ್ನು ಎತ್ತಿ, ಕುಳಿಯೊಳಗೆ ಬಿಳಿಯ ಬಟ್ಟಲನ್ನು ಕೂರಿಸಿ, ಅಂಚಿನಲ್ಲಿ ತಲೆಯೆತ್ತಿದ ಎಳೆಗಳನ್ನು ಪುಟ್ಟ ಕತ್ತರಿಯಿಂದ ಸವರಿ, ಬಾವುಟ ನೆಟ್ಟನು. ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯದರ ಹೊತ್ತಿಗೆ ಮೊಣಕಾಲಿಗೆ ಸುತ್ತಿದ ಪಟ್ಟಿಯ ಬಿಗಿತದ ಕೆಳಗೆ ನೋವು ಎದ್ದು ಕುಳಿತಿತು. ಹತ್ತನೆಯದರ ಹೊತ್ತಿಗೆ ಅದು ಅವನ ಜೊತೆ ಮಾತನಾಡತೊಡಗಿತು. ಆದರೂ ಹೆಜ್ಜೆಯ ಬಗೆಗೆ ಅವನಿಗೆ ಸಂದೇಹ ಸುಳಿಯಲಿಲ್ಲ. ಉಸಿರಾಡುವಾಗ ಉಸಿರು ಸರಿಯಾಗಿದೆಯೇ ಎಂದು ಯಾರು ಪರೀಕ್ಷಿಸುತ್ತಾರೆ? ಕಾಲು ಕುಂಟುತ್ತದೆ, ಕುಂಟಲಿ. ಅಳತೆ ಇರುವುದು ಮೂಳೆಯಲ್ಲಿ, ಅದು ಎಲ್ಲಿಗೆ ಹೋದೀತು ಎಂದುಕೊಂಡನು.

ಹದಿನಾರನೆಯ ಗ್ರೀನಿಗೆ ಬಂದಾಗ ಏಳು ಗಂಟೆ ದಾಟಿತ್ತು. ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಎಂದಿತ್ತು. ಇಪ್ಪತ್ತನಾಲ್ಕು ಎಣಿಸಿ ನಿಂತು, ಕಟರನ್ನು ನೆಲಕ್ಕೂರುವ ಮುನ್ನ ರೂಢಿಯಂತೆ ತಲೆಯೆತ್ತಿ ಗ್ರೀನಿನ ಆಚೆಯ ಅಂಚನ್ನು ನೋಡಿದನು. ಆ ಗ್ರೀನಿನ ಉದ್ದ ಇಪ್ಪತ್ತೆಂಟು ಗಜವೆಂಬುದು ಅವನಿಗೆ ತನ್ನ ಮನೆಯ ಬಾಗಿಲೆಷ್ಟು ಎತ್ತರವೋ ಅಷ್ಟೇ ಖಚಿತವಾಗಿ ಗೊತ್ತಿತ್ತು. ಹಾಗಾದರೆ ಅಂಚು ನಾಲ್ಕೇ ಹೆಜ್ಜೆ ಆಚೆ ಇರಬೇಕು. ಅದು ದೂರದಲ್ಲಿತ್ತು. ನಡೆದು ನೋಡಿದನು. ಎಂಟು ಹೆಜ್ಜೆ.

ಹುಲ್ಲು ಕತ್ತರಿಸುವವನು ಅಂಚನ್ನು ಹಿಗ್ಗಿಸಿಬಿಟ್ಟನೋ ಎಂದು ಮೊದಲು ಅವನ ಮೇಲೆ ಕೋಪ ಬಂದಿತು. ಬಗ್ಗಿ ನೋಡಿದರೆ ಅಂಚು ಇದ್ದಲ್ಲಿಯೇ ಇತ್ತು. ಗಜಣ್ಣನು ಬಾವುಟದ ಕೋಲನ್ನು ಕೈಗೆ ತೆಗೆದುಕೊಂಡನು. ಅದರ ಉದ್ದ ಏಳು ಅಡಿ. ಮುಂದಿನ ಅಂಚಿನಿಂದ ಅದನ್ನು ಮಲಗಿಸಿ ಎತ್ತಿ, ಮಲಗಿಸಿ ಎತ್ತಿ, ತಾನು ನಿಂತಿದ್ದ ಜಾಗದವರೆಗೆ ಅಳೆದನು. ಒಂಬತ್ತು ಕೋಲಿಗೆ ಮುಗಿದುಹೋಯಿತು. ಅರುವತ್ತಮೂರು ಅಡಿ. ಇಪ್ಪತ್ತೊಂದು ಗಜ. ಅವನ ಇಪ್ಪತ್ತನಾಲ್ಕು ಹೆಜ್ಜೆಗಳಲ್ಲಿ ಮೂರು ಗಜ ಎಲ್ಲಿಯೋ ಸೋರಿಹೋಗಿದ್ದವು.

ಅವನು ಕಟರನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿ, ತಾನೂ ಅದರ ಪಕ್ಕದಲ್ಲಿ ಕುಳಿತುಬಿಟ್ಟನು. ಗ್ರೀನಿನ ಮೇಲೆ ಕುಳಿತದ್ದು ಮೂವತ್ತೊಂದು ವರ್ಷಗಳಲ್ಲಿ ಅದೇ ಮೊದಲು.

ಅಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರದವನು ಅಲ್ಲಿಗೆ ಬಂದನು. ಅವನು ಗಜಣ್ಣನ ಇಪ್ಪತ್ತು ವರ್ಷದ ಜೊತೆಗಾರ. ಇಂಜಿನ್ನಿನ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ಅವನ ಗಂಟಲು ಗುಡುಗಿನಂತಾಗಿದ್ದುದರಿಂದ ಅವನಿಗೆ ಗುಡುಗಪ್ಪನೆಂದು ಹೆಸರು ಬಿದ್ದಿತ್ತು. ನಡೆದದ್ದನ್ನು ಕೇಳಿ ಅವನು ಯಂತ್ರವನ್ನು ಆರಿಸಿದನು.

"ಎಲ್ಲಾ ಹದಿನೈದೂ ತಪ್ಪಾ?"

"ಗೊತ್ತಿಲ್ಲ. ಯಾವಾಗಿನಿಂದ ಕಾಲು ಮೋಸ ಮಾಡ್ತಿದೆಯೋ ಯಾರಿಗೆ ಗೊತ್ತು?"

ಗುಡುಗಪ್ಪನು ಸುತ್ತಲೂ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದು ಗುಟ್ಟು ಹೇಳಿದನು. ಆ ಗುಟ್ಟು ಹದಿನೇಳನೆಯ ಗ್ರೀನಿನಾಚೆ ಮರದ ಮೇಲಿದ್ದ ಹಕ್ಕಿಗಳನ್ನು ಎಬ್ಬಿಸಿತು.

"ಸ್ವಲ್ಪ ಮೆಲ್ಲಗೆ ಮಾರಾಯ."

"ಮೆಲ್ಲಗೇ ಹೇಳ್ತಿದೀನಿ. ನೋಡು ಗಜಣ್ಣ, ಕುಳಿ ಎಲ್ಲರಿಗೂ ಒಂದೇ. ಒಬ್ಬನಿಗೆ ಹತ್ರ, ಇನ್ನೊಬ್ಬನಿಗೆ ದೂರ ಅಂತ ಇದೆಯಾ? ತಪ್ಪಾದ್ರೂ ಎಲ್ಲರಿಗೂ ಒಂದೇ ತಪ್ಪು. ಚೆಂಡು ಮುಂದೆ ಹೋದ್ರೆ ಹುಡುಗರು ಗಾಳೀನ ಬೈಕೋತಾರೆ. ಗಾಳಿ ಬಂದು ದೂರು ಕೊಡುತ್ತಾ? ಉಳಿದ ಮೂರನ್ನ ಈ ಕೋಲಲ್ಲಿ ಅಳೆದು ಕೊರೆದುಬಿಡು, ಮನೆಗೆ ಹೋಗು. ನೀನಾಗೇ ಹೇಳಿದ್ರೆ ಆ ಡಬ್ಬ ಇವತ್ತೇ ಕೆಳಗಿಳಿಯುತ್ತೆ. ಆಮೇಲೆ ಎರಡು ವರ್ಷ ಸ್ಟೋರಲ್ಲಿ ಕೂತು ಬ್ಲೇಡ್ ಉಜ್ಜೋದೇ."

ಗಜಣ್ಣನಿಗೆ ಆ ಮಾತು ಹಿತವಾಗಿಯೇ ಕೇಳಿಸಿತು. ದಣಿದವನಿಗೆ ಹಾಸಿಗೆಯನ್ನು ತೋರಿಸಿದಂತಿತ್ತು. ಕಣ್ಣುಮುಚ್ಚಿಕೊಂಡು ಅದರ ಮೇಲೆ ಒರಗಬಹುದಿತ್ತು. ಆದರೆ ಅದೇ ಮಾತನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದಾಗ ಅದರ ತಳದಲ್ಲಿ ತೂತು ಕಂಡಿತು. ಎಲ್ಲರಿಗೂ ಒಂದೇ ತಪ್ಪಾಗುವುದಿಲ್ಲ. ಕೊನೆಯ ದಿನ ಅಂಕಪಟ್ಟಿಯ ಬುಡದಲ್ಲಿರುವ ಕಾಲೇಜುಗಳು ಮೊದಲು ಆಡುತ್ತವೆ, ಮುಂದಿರುವವರು ಕೊನೆಗೆ ಆಡುತ್ತಾರೆ. ಮೊದಲು ಬಂದ ಹುಡುಗರು ಕಾಗದವನ್ನು ನಂಬಿ ಹೊಡೆಯುತ್ತಾರೆ. ಅವರ ಚೆಂಡುಗಳು ಕುಳಿಯನ್ನು ದಾಟಿ ಉರುಳುವುದನ್ನು ದೊಡ್ಡ ಕಾಲೇಜುಗಳ ತರಬೇತುದಾರರು ಬೇಲಿಯ ಬದಿಯಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. ಎರಡನೆಯ ಗುಂಪು ಹೋಗುವಷ್ಟರಲ್ಲಿ ಕಾಗದ ಸುಳ್ಳೆಂದು ಅವರಿಗೆ ತಿಳಿಯುತ್ತದೆ. ತಮ್ಮ ಹುಡುಗರ ಕಿವಿಯಲ್ಲಿ ಸರಿಯಾದ ಅಂಕಿ ಊದುತ್ತಾರೆ. ಹಿಂದೆ ನಿಂತು ನೋಡಲು ಜನವಿಲ್ಲದ ಬಡ ತಂಡದವರು ಮಾತ್ರ ಏನಾಯಿತೆಂದು ತಿಳಿಯದೆಯೇ ಊರಿಗೆ ಹೋಗುತ್ತಾರೆ.

"ಮೊದಲು ಆಡೋರಿಗೆ ಗೊತ್ತಾಗಲ್ಲ ಕಣೋ" ಎಂದನು.

"ಅವರು ಗೆಲ್ಲೋರಲ್ವಲ್ಲ."

"ಗೆಲ್ಲದೇ ಇರೋರು ನಾಲ್ಕು ದಿನ ಯಾಕೆ ಆಡ್ತಾರೆ ಹೇಳು?"

ಗಜಣ್ಣನು ಕೋಲನ್ನು ಊರಿಕೊಂಡು ಎದ್ದನು. ಧರ್ಮಾಧರ್ಮಗಳನ್ನು ತೂಗಿ ನೋಡಿ ಎದ್ದನೆಂದು ಹೇಳಿದರೆ ಅದು ಅಲಂಕಾರದ ಮಾತಾಗುತ್ತದೆ. ಅವನಿಗೆ ಬಹಳ ಆಯಾಸವಾಗಿತ್ತು. ಒಂದು ಸುಳ್ಳನ್ನು ಹೆಗಲಿಗೇರಿಸಿಕೊಂಡು ಇಡೀ ದಿನ ಆ ಬೇಲಿಯ ಬದಿಯಲ್ಲಿ ನಿಲ್ಲಬೇಕು, ಪ್ರತಿ ಚೆಂಡು ಕುಳಿ ದಾಟಿ ಉರುಳುವುದನ್ನೂ ನೋಡಬೇಕು, ಸಂಜೆ ಹೆಂಡತಿಯ ಮುಂದೆ ಮುಖ ಮುಚ್ಚಿಕೊಳ್ಳಬೇಕು. ಅಷ್ಟಕ್ಕೆಲ್ಲ ಅವನ ಮೈಯಲ್ಲಿ ಕಸುವು ಉಳಿದಿರಲಿಲ್ಲ. ನಿಜವನ್ನಾದರೆ ಒಂದು ಸಲ ಹೇಳಿ ಇಳಿಸಿಬಿಡಬಹುದು.

"ನಿನ್ನ ಗಾಡಿ ಮೇಲೆ ಕೂರಿಸ್ಕೊಂಡು ಆಫೀಸಿಗೆ ಬಿಡು" ಎಂದನು. "ನಡೆದು ನಡೆದೇ ಇಷ್ಟು ಕೆಟ್ಟದ್ದು."

ಆಫೀಸಿನ ಮುಂದಿನ ಮೇಜಿನ ಮೇಲೆ ದಿನದ ಪಟ್ಟಿಗಳನ್ನು ಕಟ್ಟುಕಟ್ಟಾಗಿ ಜೋಡಿಸಿಟ್ಟಿದ್ದರು. ಮುಖ್ಯ ತೀರ್ಪುಗಾರರಾದ ಹಿರಿಯ ಮಹಿಳೆ ನಿವೃತ್ತ ಗಣಿತ ಅಧ್ಯಾಪಕಿ. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು, ಆರಿದ ಚಹದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಕುಳಿತಿದ್ದರು. ಮೇಲ್ವಿಚಾರಕನು ಪಕ್ಕದಲ್ಲಿ ನಿಂತು ಬ್ರೆಡ್ಡು ಅಗಿಯುತ್ತಿದ್ದನು.

"ಮೇಡಂ, ಕುಳಿ ತಪ್ಪಾಗಿವೆ" ಎಂದನು ಗಜಣ್ಣ.

"ಯಾವುದು?"

"ಅದೇ ಗೊತ್ತಿಲ್ಲ. ಹದಿನಾರರಲ್ಲಿ ಗೊತ್ತಾಯ್ತು. ಅದನ್ನಿನ್ನೂ ಕೊರೆದಿಲ್ಲ. ಆದ್ರೆ ಹೆಜ್ಜೇಲಿ ಮೂರು ಗಜ ಕಡಿಮೆ ಬಂತು. ಹಿಂದಿನವು ಎಷ್ಟು ಕೆಟ್ಟಿವೆಯೋ ಅಳೆದು ನೋಡ್ಬೇಕು."

ಮೇಲ್ವಿಚಾರಕನ ದವಡೆ ನಿಂತಿತು. "ನಿಮ್ಮ ಹೆಜ್ಜೆನಾ ಗಜಣ್ಣ? ಸರಿಯಾಗಿ ಎಣಿಸಿದ್ರಾ?"

"ಎಣಿಕೆ ಸರಿ ಇದೆ ಸಾರ್. ಕಾಲು ಸರಿ ಇಲ್ಲ. ನಿನ್ನೆ ಬಿದ್ದೆ."

"ನಿನ್ನೇನೇ ಯಾಕೆ ಹೇಳ್ಲಿಲ್ಲ?"

ಅದಕ್ಕೆ ಗಜಣ್ಣನ ಬಳಿ ಉತ್ತರವಿತ್ತು. ಆದರೆ ಆ ಉತ್ತರವು ಸ್ಟೋರಿನ ಕಪಾಟಿನ ಮೇಲೆ ಡಬ್ಬದಲ್ಲಿತ್ತು. ತೀರ್ಪುಗಾರರು ಕನ್ನಡಕ ತೆಗೆದು, ಬೆರಳುಗಳಿಂದ ಕಣ್ಣುಗಳನ್ನು ಒತ್ತಿಕೊಂಡರು.

"ಎಂಟೂವರೆಗೆ ಮೊದಲ ಗುಂಪು" ಎಂದರು. "ಅದನ್ನ ಒಂಬತ್ತಕ್ಕೆ ಮಾಡೋಣ. ಈ ಪಟ್ಟಿಗಳನ್ನ ಯಾರಿಗೂ ಕೊಡ್ಬೇಡಿ. ಟೇಪು ತನ್ನಿ. ಬನ್ನಿ, ನೀವೂ ಗಾಡಿ ಹತ್ತಿ. ಎಲ್ಲೆಲ್ಲಿ ನಿಂತಿದ್ರಿ ಅಂತ ನೀವೇ ತೋರಿಸ್ಬೇಕು."

ಬ್ಯಾಟರಿ ಗಾಡಿಯಲ್ಲಿ ಮೂವರೂ ಹೊರಟರು. ಮೊದಲ ಗ್ರೀನಿನಲ್ಲಿ ಮೇಲ್ವಿಚಾರಕನು ಟೇಪಿನ ಒಂದು ತುದಿ ಹಿಡಿದು ಕುಳಿಯ ಬಳಿ ಬಗ್ಗಿದನು, ತೀರ್ಪುಗಾರರು ಅಂಚಿನಲ್ಲಿ ನಿಂತು ಓದಿದರು. ಹದಿನೇಳು ಗಜ; ಪಟ್ಟಿಯಲ್ಲಿಯೂ ಹದಿನೇಳು. ಎರಡನೆಯದು ಸರಿ. ಮೂರು, ನಾಲ್ಕು, ಐದು, ಆರು, ಎಲ್ಲವೂ ಬೆರಳಿನಷ್ಟೂ ಆಚೀಚೆಯಿಲ್ಲ. ಮೇಲ್ವಿಚಾರಕನ ಮುಖ ಅರಳುತ್ತ ಬಂದಿತು. ಗಜಣ್ಣನ ಮುಖ ಅರಳಲಿಲ್ಲ. ಯಾವ ಗ್ರೀನಿನಲ್ಲಿ ನೋವು ಎಷ್ಟಿತ್ತೆಂಬುದು ಅವನಿಗೆ ನೆನಪಿತ್ತು.

ಏಳನೆಯದರಲ್ಲಿ ಅರ್ಧ ಗಜ ಕಡಿಮೆ. ಒಂಬತ್ತರಲ್ಲಿ ಒಂದು ಗಜ. ಹನ್ನೆರಡರಲ್ಲಿ ಎರಡು. ಹದಿನೈದರಲ್ಲಿ ಎರಡೂವರೆ ಮೀರಿತ್ತು. ತೀರ್ಪುಗಾರರು ಅಂಕಿಯನ್ನು ಗಟ್ಟಿಯಾಗಿ ಓದುವುದು, ಮೇಲ್ವಿಚಾರಕನು ಬರೆದುಕೊಳ್ಳುವುದು. ಗಾಡಿಯಲ್ಲಿ ಕಾಲು ಚಾಚಿ ಕುಳಿತಿದ್ದ ಗಜಣ್ಣನಿಗೆ, ಯಾರೋ ತನ್ನ ಜಾತಕವನ್ನು ತನ್ನೆದುರಿಗೇ ಓದುತ್ತಿರುವಂತೆ ಅನಿಸಿತು. ಒಬ್ಬ ಮನುಷ್ಯನು ಮುದುಕನಾಗುವುದಕ್ಕೆ ವರ್ಷಗಳು ಬೇಕೆಂದು ಅವನು ತಿಳಿದಿದ್ದನು. ಒಂಬತ್ತು ಗ್ರೀನುಗಳು ಸಾಕಾಗಿದ್ದವು.

"ಏಳರಿಂದ ಹದಿನೈದು, ಎಲ್ಲಾ ಮುಚ್ಚಿ ಮತ್ತೆ ಕೊರೆಯೋದಾ?" ಎಂದು ಮೇಲ್ವಿಚಾರಕನು ಕೇಳಿದನು. ಅವನ ದನಿಯಲ್ಲಿ ಅಳು ಇಣುಕುತ್ತಿತ್ತು. "ಹೊಸ ತೇಪೆಯ ಮೇಲೆ ಚೆಂಡು ಎಗರುತ್ತೆ ಮೇಡಂ. ಗ್ರೀನ್ ಎಲ್ಲಾ ಸಿಡುಬು ಬಂದ ಮುಖ ಆಗಿಬಿಡುತ್ತೆ."

"ಬೇಡ. ಕುಳಿ ಇದ್ದಲ್ಲೇ ಇರಲಿ, ಕಾಗದ ಬದಲಾಗಲಿ. ಕುಳಿ ಎಲ್ಲಿದ್ರೂ ಹುಡುಗರು ಆಡ್ತಾರೆ. ಎಲ್ಲಿದೆ ಅಂತ ನಾವು ಸುಳ್ಳು ಹೇಳ್ಬಾರದು, ಅಷ್ಟೇ."

ಹನ್ನೆರಡನೆಯದು ಮಾತ್ರ ಹಾಗೆ ಬಿಡುವಂತಿರಲಿಲ್ಲ. ಎರಡು ಗಜ ಮುಂದೆ ಬಂದುದರಿಂದ ಕುಳಿಯು ಇಳಿಜಾರಿನ ನೆತ್ತಿಯಲ್ಲಿ ಕುಳಿತಿತ್ತು. ಅಲ್ಲಿ ಚೆಂಡು ನಿಲ್ಲದು. ಗಜಣ್ಣನು ಗಾಡಿಯಿಂದ ಇಳಿದನು. "ನಾನು ಮಾಡ್ತೀನಿ ಬಿಡಿ" ಎಂದು ಮೇಲ್ವಿಚಾರಕನು ಕೈಚಾಚಿದರೂ ಕಟರನ್ನು ಕೊಡಲಿಲ್ಲ. ಟೇಪು ತೋರಿಸಿದಲ್ಲಿ ಒಳ್ಳೆಯ ಮೊಣಕಾಲನ್ನು ಊರಿ, ಕೆಟ್ಟದ್ದನ್ನು ಪಕ್ಕಕ್ಕೆ ಚಾಚಿ, ಹೊಸದನ್ನು ಕೊರೆದು ಹಳೆಯದನ್ನು ಮುಚ್ಚಿದನು. ಮುದ್ದೆಯನ್ನು ಅದರ ಹುಲ್ಲಿನೆಳೆಗಳು ಸುತ್ತಲಿನ ಹುಲ್ಲಿನೊಡನೆ ಒಂದೇ ದಿಕ್ಕಿಗೆ ಮಲಗುವಂತೆ ತಿರುಗಿಸಿ ಕೂರಿಸಿ, ಅಂಗೈಯಿಂದ ಒತ್ತಿ, ನೀರು ಚಿಮುಕಿಸಿದನು. ತೀರ್ಪುಗಾರರು ಅದರ ಮೇಲೆ ಒಂದು ಚೆಂಡನ್ನು ಉರುಳಿಸಿದರು. ಚೆಂಡು ತಡವರಿಸದೆ ಸಾಗಿತು. ಅವರು ಗಾಡಿ ಹತ್ತಿದರು.

ಎಂಟೂವರೆಗೆ ಸ್ಟೋರಿನ ಮುಂದೆ ಗಾಡಿ ನಿಂತಿತು. ತಿದ್ದಿದ ಅಂಕಿಗಳ ಹೊಸ ಪಟ್ಟಿ ತೆಗೆಸಲು ತೀರ್ಪುಗಾರರು ಆಫೀಸಿಗೆ ಹೋದರು. ಇನ್ನು ಮೂರು ಗ್ರೀನು ಉಳಿದಿದ್ದವು. ಮೇಲ್ವಿಚಾರಕನು ಒಳಗೆ ಹೋಗಬೇಕೋ ಬೇಡವೋ ಎಂಬಂತೆ ಬಾಗಿಲಲ್ಲಿ ಕಾಲು ಕೆರೆಯುತ್ತ ನಿಂತನು.

"ತೆಗೀರಿ ಸಾರ್" ಎಂದನು ಗಜಣ್ಣ. "ಧೂಳು ಒರೆಸಿಟ್ಟಿದೀನಿ. ಕಪಾಟು ಒರೆಸುವಾಗ ಅದನ್ನೂ ಒರೆಸ್ತಿದ್ದೆ."

ಚಕ್ರವು ಡಬ್ಬದಿಂದ ಹೊರಗೆ ಬಂದಿತು. ಹಿಡಿಕೆಯನ್ನು ಯಾವ ಕಡೆಗೆ ಸಿಕ್ಕಿಸಬೇಕೆಂದು ತಿಳಿಯದೆ ಪದವೀಧರನು ಎರಡು ನಿಮಿಷ ಒದ್ದಾಡಿದನು. ಆಮೇಲೆ ಹದಿನಾರು, ಹದಿನೇಳು, ಹದಿನೆಂಟರಲ್ಲಿ ಅವನು ಚಕ್ರ ಉರುಳಿಸಿಕೊಂಡು ಮುಂದೆ ನಡೆದನು, ಗಜಣ್ಣನು ಕಟರ್ ಹೊತ್ತು ಹಿಂದೆ ಕುಂಟಿದನು. ಚಕ್ರ ನಿಂತಲ್ಲಿ ಕೊರೆದನು. ಹದಿನೆಂಟನೆಯದರ ಬಾವುಟ ನೆಟ್ಟು ತಿರುಗುವಾಗ ಗಡಿಯಾರ ಒಂಬತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಮೊದಲ ಗುಂಪು ಹೊರಡುವ ಕಟ್ಟೆಯ ಬಳಿ, ಅಂಕಪಟ್ಟಿಯ ಬುಡದಲ್ಲಿದ್ದ ಕಾಲೇಜೊಂದರ ತರಬೇತುದಾರನು ಹೊಸ ಕಾಗದವನ್ನು ಬಿಸಿಲಿಗೆ ಹಿಡಿದು ಗೊಣಗುತ್ತಿದ್ದನು. ನಾಲ್ಕು ದಿನದ ಗಡ್ಡ, ಒಂದೇ ಅಂಗಿ.

"ಮೈ ಬಿಸಿ ಮಾಡ್ಕೊಂಡ ಹುಡುಗರನ್ನ ಅರ್ಧ ಗಂಟೆ ನಿಲ್ಲಿಸಿ ತಣ್ಣಗೆ ಮಾಡಿದ್ರು. ಯಾರ ತಪ್ಪಂತೆ ಇದು?"

"ನನ್ನದು" ಎಂದನು ಗಜಣ್ಣ.

ತರಬೇತುದಾರನು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದನು. ಮೊಣಕಾಲಿನ ಬಳಿ ಪ್ಯಾಂಟು ಒದ್ದೆಯಾಗಿ ಉಬ್ಬಿದ್ದುದನ್ನೂ ನೋಡಿದನು.

"ಈಗ ಕಾಗದ ಸರಿ ಇದೆ ತಾನೇ?"

"ಸರಿ ಇದೆ."

"ಅಷ್ಟಾದ್ರೆ ಸಾಕು" ಎಂದು ಅವನು ತನ್ನ ಹುಡುಗರ ಕಡೆಗೆ ಹೋದನು.

ಮೇಲ್ವಿಚಾರಕನು ಗಜಣ್ಣನನ್ನು ಸ್ಟೋರಿನವರೆಗೆ ಗಾಡಿಯಲ್ಲಿ ಕರೆದುಕೊಂಡು ಬಂದನು. ಅವನನ್ನು ಇಳಿಸುವಾಗ, "ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ನೋಡೋಣ" ಎಂದನು.

"ಆಮೇಲೆ ಅಂದ್ರೆ ಸ್ಟೋರು ತಾನೇ ಸಾರ್?"

ಮೇಲ್ವಿಚಾರಕನು ಸುಳ್ಳು ಸಮಾಧಾನ ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ಉಂಟು. ಆ ಬೆಳಗ್ಗೆ ಸುಳ್ಳಿಗೆ ಜಾಗವಿಲ್ಲವೆಂದು ತೋರಿತೋ ಏನೋ, "ಸ್ಟೋರು" ಎಂದನು. ಗಾಡಿಯನ್ನು ಹೊರಡಿಸದೆ, "ನಾನು ಹದಿನೇಳರಲ್ಲಿ ನಿಮ್ಮ ಕೈ ನೋಡ್ತಿದ್ದೆ. ತಿರುವೋದನ್ನ ಕಲಿಯೋಕೆ ನನಗೆ ಎಷ್ಟು ದಿನ ಬೇಕಾಗುತ್ತೆ?" ಎಂದು ಕೇಳಿದನು.

"ತಿರುವೋದು ಒಂದು ವಾರ. ನೆಟ್ಟಗೆ ತಿರುವೋದು ಮೂರು ವರ್ಷ."

"ನಿಮಗೆ ಇರೋದು ಎರಡೇ ವರ್ಷ."

"ಹಾಗಾದ್ರೆ ಸ್ವಲ್ಪ ಸೊಟ್ಟ ಕಲೀರಿ" ಎಂದನು ಗಜಣ್ಣ. ಮೇಲ್ವಿಚಾರಕನಿಗೆ ನಗು ಬಂದಿತು. ನಗಲು ತ್ರಾಣವಿಲ್ಲದೆ ಮೂಗಿನಿಂದ ಉಸಿರು ಬಿಟ್ಟು ಹೊರಟುಹೋದನು.

ಆ ದಿನದ ಆಟವನ್ನು ಗಜಣ್ಣನು ನೋಡಲಿಲ್ಲ. ಸ್ಟೋರಿನ ತಗಡಿನ ಮಾಡಿನ ಕೆಳಗೆ, ಬೋರಲು ಹಾಕಿದ ಬಕೆಟಿನ ಮೇಲೆ ಕಾಲಿಟ್ಟುಕೊಂಡು, ಕಟರಿನ ಹಲ್ಲುಗಳಿಂದ ಮಣ್ಣು ತೆಗೆದು ಎಣ್ಣೆ ಸವರುತ್ತ ಕುಳಿತನು. ಆಗಾಗ ದೂರದಿಂದ ಚಪ್ಪಾಳೆ ಕೇಳಿಸುತ್ತಿತ್ತು. ಯಾವ ದಿಕ್ಕಿನಿಂದ ಬಂದಿತೆಂಬುದರ ಮೇಲೆ ಅದು ಯಾವ ಗ್ರೀನೆಂದು ಅವನಿಗೆ ತಿಳಿಯುತ್ತಿತ್ತು. ದೇಶದ ಕಾಲೇಜುಗಳ ಕೊನೆಯ ದಿನದ ಆಟವು ಏಳರಿಂದ ಹದಿನೈದರವರೆಗೆ, ಹನ್ನೆರಡೊಂದನ್ನು ಬಿಟ್ಟು, ಅವನ ಊದಿದ ಮೊಣಕಾಲು ಆರಿಸಿದ ಜಾಗಗಳಲ್ಲಿ ನಡೆಯುತ್ತಿತ್ತು. ಆ ವಿಚಾರ ಬಂದಾಗ ಅವನಿಗೆ ನಾಚಿಕೆಯೂ ಆಯಿತು, ನ್ಯಾಯವಾಗಿ ಬರಬಾರದ ಒಂದು ಸಣ್ಣ ನಗುವೂ ಬಂದಿತು. ಸ್ವಲ್ಪ ಹೊತ್ತು ಕುಳಿತಲ್ಲಿಯೇ ತೂಕಡಿಸಿದನು.

ಮೂರೂವರೆಯ ಹೊತ್ತಿಗೆ ಗುಡುಗಪ್ಪನು ಬಂದು ಎಬ್ಬಿಸಿದನು. ಅಂದರೆ, ಅಂಗಳದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಮಾತನಾಡಿದನು.

"ಮುಗೀತು ಗಜಣ್ಣ."

"ಯಾರು ಗೆದ್ದರು?"

"ನೀಲಿ ಅಂಗಿಯವರು."

"ನೀಲಿ ಅಂಗಿಯವರು ಎರಡು ಕಾಲೇಜಿದ್ದಾರಲ್ಲ."

"ಆ ಎರಡರಲ್ಲಿ ಒಂದು. ಇನ್ನೊಂದರವರು ಅಳ್ತಿದ್ರು, ಅದಕ್ಕೇ ಗೊತ್ತಾಗಿದ್ದು." ಗುಡುಗಪ್ಪನು ಪಕ್ಕದ ಡಬ್ಬದ ಮೇಲೆ ಕುಳಿತನು. "ಕಾಗದದ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಒಬ್ಬನೂ ಎತ್ತಲಿಲ್ಲ."

"ಅದೇ ಬೇಕಾಗಿದ್ದು."

"ನಾನು ಹೇಳ್ದಂಗೆ ಕೇಳಿದ್ರೂ ಎತ್ತುತ್ತಿರಲಿಲ್ಲವೇನೋ."

"ಇರಬಹುದು" ಎಂದನು ಗಜಣ್ಣ. ವಾದಿಸುವ ಶಕ್ತಿ ಅವನಲ್ಲಿರಲಿಲ್ಲ, ಗುಡುಗಪ್ಪನಲ್ಲಿಯೂ ಇರಲಿಲ್ಲ. ಇಬ್ಬರೂ ಒಂದು ಬೀಡಿಯ ಹೊತ್ತು ಸುಮ್ಮನೆ ಕುಳಿತು, ಬೀಡಿ ಇಲ್ಲದ್ದರಿಂದ ಹಾಗೆಯೇ ಎದ್ದರು.

ಗೇಟಿನ ಬಳಿ ಬಸ್ಸುಗಳು ನಿಂತಿದ್ದವು. ಬೆಳಗ್ಗೆ ಮೊದಲು ಆಡಿದ ಕಾಲೇಜಿನ ಹುಡುಗರು ತಮ್ಮ ಬಸ್ಸಿನ ನೆರಳಿನಲ್ಲಿ, ಚೀಲಗಳನ್ನೇ ತಲೆದಿಂಬು ಮಾಡಿಕೊಂಡು ಸಾಲಾಗಿ ಮಲಗಿ ನಿದ್ರಿಸುತ್ತಿದ್ದರು. ಒಬ್ಬನ ಹಿಂದಿನ ಕಿಸೆಯಿಂದ ಮಡಿಸಿದ ಕಾಗದದ ತುದಿ ಹೊರಗೆ ಚಾಚಿತ್ತು. ಗಜಣ್ಣನು ಅವರನ್ನು ಎಬ್ಬಿಸದಂತೆ ಸುತ್ತುಹಾಕಿಕೊಂಡು ಹೋದನು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಕಿಟಕಿಯ ಬೆಳಕಿಗೆ ಸೂಜಿಯನ್ನು ಎತ್ತಿ ಹಿಡಿದು, ದಾರ ಪೋಣಿಸಲು ಹೆಣಗುತ್ತಿದ್ದಳು. ಅವನು ಧೊಪ್ಪನೆ ಕುರ್ಚಿಯಲ್ಲಿ ಕುಸಿದುದನ್ನು ಕಂಡು ಕೈ ಇಳಿಸಿದಳು.

"ಏನಾಯ್ತು?"

"ಹೆಜ್ಜೆ ಕೆಟ್ಟುಹೋಯ್ತು ಕಣೇ. ಒಂಬತ್ತು ಕುಳಿ ತಪ್ಪಾದವು. ಹೇಳಿಬಿಟ್ಟೆ."

"ಯಾರೂ ಹಿಡಿಯೋಕೆ ಮೊದಲೇ ಹೇಳಿದ್ರಾ, ಹಿಡಿದ ಮೇಲೆ ಹೇಳಿದ್ರಾ?"

"ಮೊದಲೇ."

"ಹೂಂ" ಎಂದಳು. ಆಕೆಯ ಹೂಂಕಾರಗಳಲ್ಲಿ ಹಲವು ಬಗೆ. ಇದು ಅಪರೂಪದ ಬಗೆಯದು. "ಇನ್ಮೇಲೆ?"

"ಸ್ಟೋರು. ಕೂತು ಮಾಡೋ ಕೆಲಸ."

"ನನಗೆ ಸೂಜಿಯ ಕಣ್ಣು ಕಾಣಲ್ಲ, ನಿಮಗೆ ಕಾಲು ಬರಲ್ಲ. ನಮ್ಮಿಬ್ಬರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಸರಿಯಾದ ಆಳಾಗಬಹುದು" ಎಂದು ಆಕೆ ಸೂಜಿ ದಾರಗಳನ್ನು ಅವನ ಕೈಗಿತ್ತಳು. ಅವನು ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟನು. ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅವನ ಮೊಣಕಾಲಿನ ಪಟ್ಟಿಯನ್ನು ಬಿಚ್ಚತೊಡಗಿದಳು. ಅದು ಪೂರ್ತಿ ಕಳಚುವಷ್ಟರಲ್ಲಿ ಅವನಿಗೆ ಕುರ್ಚಿಯಲ್ಲಿಯೇ ನಿದ್ದೆ ಹತ್ತಿತ್ತು.

ತನ್ನ ಅಳತೆ ತಪ್ಪಿದುದನ್ನು ತಾನೇ ಅಳೆದು ತೋರಿದ ಆ ಬಡಕಲು ಮನುಷ್ಯನ ನೋವು ಇಳಿಯಲಿ, ನಿದ್ದೆ ಆಳವಾಗಲಿ. ಅವನು ನೆರಳಿನಲ್ಲಿ ಕುಳಿತು ಮಾಡುವ ಕೆಲಸವೂ ಅವನು ಬಿಸಿಲಿನಲ್ಲಿ ನಡೆದು ಮಾಡಿದ ಕೆಲಸದಷ್ಟೇ ನೆಟ್ಟಗಿರಲಿ. ಅವನ ಮನೆಯಾಕೆಯ ಕಣ್ಣಿಗೆ ಬೆಳಕು ಉಳಿಯಲಿ, ಯಂತ್ರದ ಚಕ್ರ ತಡೆಯದೆ ತಿರುಗಲಿ. ಆ ಎರಡು ಕೋಣೆಗಳ ಮನೆಯಲ್ಲಿ ಒಬ್ಬರಿಗೆ ದಣಿವಾದಾಗ ಇನ್ನೊಬ್ಬರಿಗೆ ಕೈಯಾಡುವಷ್ಟು ಕಸುವನ್ನು ಭಗವಂತನು ಎಂದಿಗೂ ಕಡಿಮೆ ಮಾಡದಿರಲಿ.